ಬ್ಯಾಟರಿ ತುಂಬಿತ್ತು, ಡೀಸೆಲ್ ಓಡುತ್ತಿತ್ತು, ಕರೆಂಟು ಇರಲಿಲ್ಲ

ಕೊಳವೆಬಾವಿಗೆ ಹೊಸ ಮೋಟಾರು ಇಳಿಸಿ ಸ್ಟಾರ್ಟರ್ ಒತ್ತುತ್ತೀರಿ. ಆಂಪಿಯರ್ ಮೀಟರಿನ ಮುಳ್ಳು ಏಳುತ್ತದೆ, ಮೋಟಾರು ತಿರುಗುತ್ತಿರುವುದೂ ನಿಜ, ನೀರು ಮಾತ್ರ ಸಣ್ಣಗೆ ಬರುತ್ತದೆ. ಪಳಗಿದ ಮೆಕ್ಯಾನಿಕ್ ಇದಕ್ಕೆ ತಲೆ ಕೆಡಿಸಿಕೊಳ್ಳುವುದಿಲ್ಲ. ಮೇನ್ ಆಫ್ ಮಾಡಿ, ಮೂರು ವೈರುಗಳಲ್ಲಿ ಯಾವುದಾದರೂ ಎರಡನ್ನು ಅದಲುಬದಲು ಮಾಡುತ್ತಾನೆ. ಉಲ್ಟಾ ತಿರುಗುತ್ತಿದ್ದ ಮೋಟಾರು ಸರಿಹೋಗುತ್ತದೆ. ತ್ರೀ ಫೇಸ್ ವಿದ್ಯುತ್ತಿನಲ್ಲಿ ಕೆಂಪು, ಹಳದಿ, ನೀಲಿ ಎಂಬ ಮೂರು ಅಲೆಗಳು ಒಂದರ ಬೆನ್ನಿಗೆ ಒಂದು ಸರದಿಯಲ್ಲಿ ಬರುತ್ತವೆ. ಎರಡು ವೈರು ಜಾಗ ಬದಲಿಸಿದರೆ ಆ ಸರದಿ ತಿರುಗುಮುರುಗಾಗುತ್ತದೆ. ವೋಲ್ಟೇಜು ಇದ್ದಷ್ಟೇ ಇರುತ್ತದೆ, ಟೆಸ್ಟರ್ ಹಚ್ಚಿದರೆ ಮೂರರಲ್ಲೂ ದೀಪ ಹೊತ್ತುತ್ತದೆ. ಬಾವಿಯಲ್ಲಾದರೆ ತಪ್ಪನ್ನು ನೀರೇ ಹೇಳಿಬಿಡುತ್ತದೆ. ಅವಘಡವಾದಾಗ ಮಾತ್ರ ಕೆಲಸ ಮಾಡಬೇಕಾದ ಉಪಕರಣದಲ್ಲಿ ಇದೇ ತಪ್ಪು ನುಸುಳಿದರೆ ಅದನ್ನು ಹೇಳುವವರು ಯಾರು?

ಸ್ವೀಡನ್ನಿನ ಫೋರ್ಸ್‌ಮಾರ್ಕ್ ಪರಮಾಣು ವಿದ್ಯುತ್ ಸ್ಥಾವರದಲ್ಲಿ ಆದದ್ದು ಅದೇ. ಸ್ಟಾಕ್‌ಹೋಮಿನ ಉತ್ತರಕ್ಕೆ, ಬಾಲ್ಟಿಕ್ ಸಮುದ್ರದ ತೀರದಲ್ಲಿರುವ ಈ ಸ್ಥಾವರವನ್ನು ಜಗತ್ತು ಮೊದಲು ಅರಿತದ್ದು ಬೇರೆ ಕಾರಣಕ್ಕೆ. 1986ರ ಏಪ್ರಿಲ್‌ನಲ್ಲಿ ಚೆರ್ನೋಬಿಲ್‌ನ ವಿಕಿರಣ ಧೂಳು ಸಿಬ್ಬಂದಿಯೊಬ್ಬರ ಬೂಟಿಗೆ ಅಂಟಿದ್ದನ್ನು ಪತ್ತೆ ಮಾಡಿದ್ದು ಇಲ್ಲಿನ ಮಾಪಕಗಳು. ಹೊರಜಗತ್ತಿಗೆ ಎಚ್ಚರಿಕೆ ಹೋದದ್ದು ಇಲ್ಲಿಂದ. ಶಿಸ್ತಿಗೆ ಹೆಸರಾದ ದೇಶ, ಶಿಸ್ತಿಗೆ ಹೆಸರಾದ ಸ್ಥಾವರ. ಅಂಥ ಕಡೆಯಲ್ಲೇ, ಮೊದಲನೇ ಘಟಕದಲ್ಲಿ 2005ರಲ್ಲಿ ಹೊಸದಾಗಿ ಕೂರಿಸಿದ ರಿಲೇಗಳಿಗೆ ಫೇಸ್ ಸರದಿ ತಪ್ಪಾಗಿ ಜೋಡಣೆಯಾಗಿತ್ತು. ಮುಂದಿನ ವರ್ಷ ಅವು ಬೇಕಾಗುವ ತನಕ ಯಾರಿಗೂ ತಿಳಿಯಲಿಲ್ಲ.

ವಿದ್ಯುತ್ ಉತ್ಪಾದಿಸುವ ಸ್ಥಾವರಕ್ಕೇ ಹೊರಗಿನ ವಿದ್ಯುತ್ತೇಕೆ ಎಂಬ ಪ್ರಶ್ನೆ ಸಹಜ. ಒಲೆಯಿಂದ ಸೌದೆ ಎಳೆದರೆ ಬೆಂಕಿ ಆರುತ್ತದೆ, ರಿಯಾಕ್ಟರ್ ಹಾಗಲ್ಲ. ನಿಯಂತ್ರಣ ದಂಡಗಳು ಒಳಗಿಳಿದು ಪರಮಾಣು ವಿದಳನ ನಿಂತ ಕ್ಷಣದಲ್ಲೂ, ಇಂಧನದಲ್ಲಿ ಉಳಿದ ವಿಕಿರಣಶೀಲ ಚೂರುಗಳು ಪೂರ್ಣ ಶಕ್ತಿಯ ಶೇಕಡಾ 6-7ರಷ್ಟು ಶಾಖ ಬಿಡುತ್ತಲೇ ಇರುತ್ತವೆ. ಫೋರ್ಸ್‌ಮಾರ್ಕ್‌ನ ಮೊದಲನೇ ಘಟಕದ ಉಷ್ಣ ಸಾಮರ್ಥ್ಯ ಆಗ ಸುಮಾರು 2900 ಮೆಗಾವಾಟ್. ಅಂದರೆ ‘ಬಂದ್’ ಮಾಡಿದ ಮೇಲೂ ಸುಮಾರು 200 ಮೆಗಾವಾಟ್ ಶಾಖವನ್ನು ನೀರು ಹೊತ್ತೊಯ್ಯಬೇಕು. ನೀರಿಗೆ ಪಂಪು ಬೇಕು, ಪಂಪಿಗೆ ಕರೆಂಟು ಬೇಕು. ಅದಕ್ಕೇ ಒಂದಲ್ಲ, ನಾಲ್ಕು ಡೀಸೆಲ್ ಜನರೇಟರುಗಳು. ನಾಲ್ಕು ಸಾಲು ಬ್ಯಾಟರಿ ಮತ್ತು ಯುಪಿಎಸ್. ಎರಡು ಕೈಕೊಟ್ಟರೂ ಉಳಿದೆರಡು ಸಾಕು ಎಂಬ ಲೆಕ್ಕ.

2006ರ ಜುಲೈ 25ರ ಮಧ್ಯಾಹ್ನ ಸ್ಥಾವರದ ಹೊರಗಿನ 400 ಕಿಲೋವೋಲ್ಟ್ ಸ್ವಿಚ್‌ಯಾರ್ಡಿನಲ್ಲಿ ನಿರ್ವಹಣಾ ಕೆಲಸ ನಡೆದಿತ್ತು. ಕರೆಂಟು ಹರಿಯುತ್ತಿರುವಾಗಲೇ ಒಂದು ಐಸೊಲೇಟರ್ ತೆರೆದುಕೊಂಡಿತು. ಕಿಡಿ ಚಾಪವಾಗಿ ಹೊತ್ತಿ ಶಾರ್ಟ್ ಸರ್ಕ್ಯೂಟ್ ಆಯಿತು. ವೋಲ್ಟೇಜು ಒಮ್ಮೆಗೇ ಕುಸಿಯಿತು. ಅದನ್ನು ಎತ್ತಿ ಹಿಡಿಯಲು ಮುಖ್ಯ ಜನರೇಟರುಗಳು ಹೆಣಗುತ್ತಿರುವಾಗಲೇ ಘಟಕ ಗ್ರಿಡ್‌ನಿಂದ ಕಳಚಿಕೊಂಡಿತು. ಹೊರೆ ತಪ್ಪಿದ ಆ ಜನರೇಟರುಗಳ ವೋಲ್ಟೇಜು ಈಗ ವಿಪರೀತ ಮೇಲೇರಿ ಸ್ಥಾವರದೊಳಕ್ಕೇ ನುಗ್ಗಿತು.

ಇಂಥ ಹೊಡೆತ ಬಂದಾಗ ಯುಪಿಎಸ್‌ನ ಚಾರ್ಜರ್ ಭಾಗ ಮೊದಲು ಕಳಚಿಕೊಳ್ಳಬೇಕು. ಇನ್ವರ್ಟರ್ ಭಾಗ ಬ್ಯಾಟರಿಯ ಬಲದ ಮೇಲೆ ಮುಂದುವರಿಯಬೇಕು. ಎರಡರ ರಕ್ಷಣಾ ಮಟ್ಟಗಳನ್ನು ಹೊಂದಿಸಿದ್ದ ಕ್ರಮ ಸರಿಯಿರಲಿಲ್ಲ. ನಾಲ್ಕರಲ್ಲಿ ಎರಡು ಯುಪಿಎಸ್‌ಗಳು ಚಾರ್ಜರ್, ಇನ್ವರ್ಟರ್ ಎರಡನ್ನೂ ಮುಚ್ಚಿಕೊಂಡು ಕೂತವು. ಬ್ಯಾಟರಿ ತುಂಬಿತ್ತು, ಅದರಿಂದ ಹೊರಬರುವ ಬಾಗಿಲು ಹಾಕಿತ್ತು.

ಇನ್ನು ಆ ರಿಲೇಗಳು. ಟರ್ಬೈನು ನಿಧಾನವಾದಂತೆ 50 ಹರ್ಟ್ಸ್ ಇರಬೇಕಾದ ಆವರ್ತನ ಇಳಿಯುತ್ತದೆ. ಆಗ ರಿಲೇ ಅದನ್ನು ಗುರುತಿಸಿ ಮುಖ್ಯ ಜನರೇಟರಿನ ಬ್ರೇಕರನ್ನು ತೆರೆಯಬೇಕು. ಸ್ಥಾವರದ ಒಳಗಿನ ಸಾಲುಗಳು ಪ್ರತ್ಯೇಕವಾದ 70 ಕಿಲೋವೋಲ್ಟ್ ಲೈನಿಗೆ ದಾಟಿಕೊಳ್ಳಬೇಕು. ಸರದಿ ತಪ್ಪಿದ ಸಂಕೇತ ಪಡೆಯುತ್ತಿದ್ದ ರಿಲೇಗಳು ಸುಮ್ಮನಿದ್ದವು. ದಮ್ಮು ಕಟ್ಟುತ್ತಿದ್ದ ಟರ್ಬೈನಿನ ದುರ್ಬಲ ಕರೆಂಟೇ ಒಳಗೆ ಹರಿಯಿತು. ಸುರಕ್ಷಾ ಪಂಪುಗಳ ಸಾಲುಗಳು ಅದನ್ನು ತಿರಸ್ಕರಿಸಿ ಕಳಚಿಕೊಂಡು, ಭಾರವೆಲ್ಲ ಡೀಸೆಲ್‌ಗಳ ಮೇಲೆ ಬಿತ್ತು.

ನಾಲ್ಕೂ ಡೀಸೆಲ್ ಎಂಜಿನ್ನುಗಳು ಸ್ಟಾರ್ಟ್ ಆದವು. ನನ್ನನ್ನು ಈ ಘಟನೆಯಲ್ಲಿ ಹೆಚ್ಚು ಕಾಡುವುದು ಮುಂದಿನದು. ಎಂಜಿನ್ನು ಪೂರ್ಣ ವೇಗಕ್ಕೆ ಬಂದಿದೆ ಎಂದು ಖಚಿತವಾದ ಮೇಲೇ ಜನರೇಟರಿನ ಬ್ರೇಕರ್ ಮುಚ್ಚಿ ಕರೆಂಟು ಕೊಡಬೇಕು. ಆ ವೇಗ ಅಳೆಯುವ ಪುಟ್ಟ ಸರ್ಕ್ಯೂಟಿಗೆ ಕರೆಂಟು ಬರುತ್ತಿದ್ದದ್ದು ಯುಪಿಎಸ್‌ನಿಂದ! ಯುಪಿಎಸ್ ಸತ್ತ ಎರಡು ಸಾಲುಗಳಲ್ಲಿ ಎಂಜಿನ್ನು ಗರ್ಜಿಸುತ್ತಿದ್ದರೂ, ಅದು ಓಡುತ್ತಿದೆ ಎಂದು ಬ್ರೇಕರಿಗೆ ಹೇಳುವವರಿರಲಿಲ್ಲ. ನಿಯಂತ್ರಣ ಕೊಠಡಿಯ ಪರದೆಗಳಲ್ಲಿ ಒಂದಷ್ಟು ಕಪ್ಪಾದವು. ಎಲ್ಲ ನಿಯಂತ್ರಣ ದಂಡಗಳೂ ಒಳಗಿಳಿದಿವೆಯೇ ಎಂದು ತೋರಿಸುವ ದೀಪಗಳಲ್ಲೂ ಕೆಲವು ಆರಿದ್ದವು. ರಿಯಾಕ್ಟರಿನೊಳಗೆ ನೀರಿನ ಮಟ್ಟ ಇಳಿದು ಇಂಧನದ ಮೇಲೆ ಸುಮಾರು 1.9 ಮೀಟರಿಗೆ ಬಂದಿತ್ತು. ಸುಮಾರು 22 ನಿಮಿಷಗಳ ನಂತರ ಸಿಬ್ಬಂದಿ ಸತ್ತಿದ್ದ ಆ ಎರಡು ಸಾಲುಗಳಿಗೂ ಕೈಯಾರೆ ಕರೆಂಟು ಜೋಡಿಸಿದರು. ಇಂಧನ ನೀರಿನಿಂದ ಹೊರಬರಲಿಲ್ಲ, ವಿಕಿರಣ ಸೋರಲಿಲ್ಲ. ಅಂತರರಾಷ್ಟ್ರೀಯ ಮಾಪನದಲ್ಲಿ ಘಟನೆ 2ನೇ ಹಂತದ್ದು ಎಂದು ದಾಖಲಾಯಿತು. ಮುನ್ನೆಚ್ಚರಿಕೆಯಾಗಿ ಅಲ್ಲಿನ ಎರಡನೇ ಘಟಕವನ್ನೂ ಸ್ವೀಡನ್ನಿನದೇ ಆದ ಆಸ್ಕರ್ಸ್‌ಹಾಮ್ ಸ್ಥಾವರದ ಎರಡು ಘಟಕಗಳನ್ನೂ ನಿಲ್ಲಿಸಲಾಯಿತು.

ನಾಲ್ಕರಲ್ಲಿ ಎರಡು ಉಳಿದವಲ್ಲ, ಲೆಕ್ಕ ಸರಿಯಾಯಿತಲ್ಲ ಎನ್ನಬಹುದು. ನನಗೆ ಆ ಸಮಾಧಾನ ಸಾಲದು. ನಾಲ್ಕೂ ಯುಪಿಎಸ್‌ಗಳು ಒಂದೇ ಬಗೆಯವು. ಎರಡು ಬಿದ್ದ ಹೊಡೆತಕ್ಕೆ ನಾಲ್ಕೂ ಬೀಳಲು ಅಡ್ಡಿಯೇನಿರಲಿಲ್ಲ. ಎಣಿಕೆಯಲ್ಲಿ ನಾಲ್ಕಿದ್ದರೂ ನಾಲ್ಕೂ ನಂಬಿದ್ದು ಒಂದೇ ಎಳೆಯನ್ನಾದರೆ ಅದು ಒಂದೇ. ನಮ್ಮ ದೇಶಕ್ಕೂ ಇದು ಹೊಸತಲ್ಲ. ಉತ್ತರ ಪ್ರದೇಶದ ನರೋರಾ ಪರಮಾಣು ಸ್ಥಾವರದಲ್ಲಿ 1993ರ ಮಾರ್ಚ್ 31ರಂದು ಟರ್ಬೈನಿನ ಅಲಗು ಮುರಿದು ಬೆಂಕಿ ಹೊತ್ತಿಕೊಂಡಾಗ, ಮುಖ್ಯ ಮತ್ತು ತುರ್ತು ವಿದ್ಯುತ್ತಿನ ಕೇಬಲ್‌ಗಳು ಸಾಕಷ್ಟು ದೂರ ದೂರ ಇರದೆ ಒಟ್ಟಿಗೇ ಸುಟ್ಟವು. ಸ್ಥಾವರ ಸುಮಾರು 17 ತಾಸು ಕತ್ತಲಲ್ಲಿತ್ತು. ಡೀಸೆಲ್‌ನಿಂದಲೇ ನಡೆಯುವ ಅಗ್ನಿಶಾಮಕ ಪಂಪುಗಳ ನೀರು ಅಂದು ರಿಯಾಕ್ಟರನ್ನು ಕಾಯಿತು.

ಪರೀಕ್ಷೆಗಳು ಇಂಥದ್ದನ್ನು ಏಕೆ ಹಿಡಿಯುವುದಿಲ್ಲ? ಡೀಸೆಲ್ ಜನರೇಟರನ್ನು ಆಗಾಗ ಓಡಿಸಿ ನೋಡುತ್ತಾರೆ, ಆದರೆ ಉಳಿದೆಲ್ಲ ವ್ಯವಸ್ಥೆ ನೆಟ್ಟಗಿರುವಾಗ. ಯುಪಿಎಸ್ ಜೀವಂತವಿರುವ ದಿನ ವೇಗದ ಸರ್ಕ್ಯೂಟಿಗೆ ಕರೆಂಟು ಸಿಕ್ಕೇ ಸಿಗುತ್ತದೆ. ರಿಲೇಯದೂ ಅಷ್ಟೇ: ಅದಕ್ಕೆ ಪರೀಕ್ಷಾ ಪೆಟ್ಟಿಗೆಯಿಂದ ಸರಿಯಾದ ಸರದಿಯಲ್ಲಿ ಸಂಕೇತ ಕೊಟ್ಟರೆ ಅದು ಪಾಸಾಗುತ್ತದೆ, ನಿಜವಾದ ಲೈನಿನಿಂದ ಬರುವ ವೈರುಗಳು ಅದಲುಬದಲಾಗಿರುವುದು ಹಾಗೇ ಉಳಿಯುತ್ತದೆ. ಕೈಯಿಟ್ಟ ಪ್ರತಿ ವೈರನ್ನೂ ಮೂಲದಿಂದ ಕೊನೆಯ ಬ್ರೇಕರಿನವರೆಗೆ ಒಂದೇ ಉಸಿರಿನಲ್ಲಿ ಪರೀಕ್ಷಿಸಬೇಕು ಎನ್ನುವುದು ದುಬಾರಿ ಬೇಡಿಕೆಯೇ. ಅದನ್ನು ಬಿಟ್ಟುಕೊಡಬಾರದು ಎಂದೇ ನನ್ನ ನಿಲುವು.

ಪಂಪ್‌ಸೆಟ್ ಇರುವ ರೈತರಿಗೆ ಸಿಂಗಲ್ ಫೇಸ್ ಪ್ರಿವೆಂಟರ್ ಗೊತ್ತು. ಮೂರರಲ್ಲಿ ಒಂದು ಫೇಸ್ ಹೋದರೆ ಮೋಟಾರು ಸುಡುವ ಮೊದಲೇ ಅದು ಸ್ಟಾರ್ಟರನ್ನು ಬೀಳಿಸುತ್ತದೆ. 2012ರ ಜನವರಿ 30ರಂದು ಅಮೆರಿಕದ ಇಲಿನಾಯ್ಸ್‌ನ ಬೈರನ್ ಸ್ಥಾವರದ ಎರಡನೇ ಘಟಕದಲ್ಲಿ ಇನ್ಸುಲೇಟರ್ ಮುರಿದು ಒಂದು ಫೇಸ್ ಹೋಯಿತು. ಅಲ್ಲಿನ ರಕ್ಷಣಾ ವ್ಯವಸ್ಥೆಗೆ ಅದು ‘ಕರೆಂಟು ಹೋದದ್ದು’ ಎನಿಸಲಿಲ್ಲ, ಹಾಗಾಗಿ ಡೀಸೆಲ್‌ಗಳಿಗೆ ಕರೆ ಹೋಗಲಿಲ್ಲ. ಸುಮಾರು ಎಂಟು ನಿಮಿಷದ ನಂತರ ಸಿಬ್ಬಂದಿಯೇ ಹೊರಗಿನ ಸಂಪರ್ಕ ಕಡಿದರು. 2013ರ ಮೇ 30ರಂದು ಮತ್ತೆ ಫೋರ್ಸ್‌ಮಾರ್ಕ್, ಈ ಸಲ ಮೂರನೇ ಘಟಕ. ವಾರ್ಷಿಕ ನಿರ್ವಹಣೆಗೆಂದು ರಿಯಾಕ್ಟರ್ ನಿಂತಿದ್ದಾಗ 400 ಕಿಲೋವೋಲ್ಟ್ ಬ್ರೇಕರಿನಲ್ಲಿ ಫೇಸಿಗೊಂದರಂತಿರುವ ಮೂರು ಪೋಲ್‌ಗಳಲ್ಲಿ ಎರಡೇ ತೆರೆದುಕೊಂಡವು. ಎರಡು ಫೇಸ್ ಇಲ್ಲ, ಒಂದಿದೆ. ಪಂಪುಗಳು ಒಂದೊಂದಾಗಿ ನಿಂತವು, ಡೀಸೆಲ್‌ಗಳು ಅಲುಗಲಿಲ್ಲ. ಕೊನೆಗೆ ಸಿಬ್ಬಂದಿ ಉಳಿದಿದ್ದ ಆ ಒಂದು ಫೇಸನ್ನೂ ಕೈಯಾರೆ ಕಡಿದ ಮೇಲೆ, ಕರೆಂಟು ಪೂರ್ತಿ ಹೋಗಿದೆಯೆಂದು ಕಂಡುಕೊಂಡು ಡೀಸೆಲ್‌ಗಳು ಎದ್ದವು.