ದಂಡದ ಚೀಟಿ ಬಂದಾಗ ವಕೀಲರು ಬೇಕೆ?

ವ್ಯಾಪಾರಸ್ಥರ ಮನೆಗಳಲ್ಲಿ ಇಂದು ವಾಹನವಿಲ್ಲದೆ ಒಂದು ದಿನವೂ ಸಾಗದು. ಅಂಗಡಿಗೊಂದು ಗೂಡ್ಸ್ ಗಾಡಿ, ಮನೆಗೊಂದು ಕಾರು, ಮಕ್ಕಳಿಗೆ ಒಂದೆರಡು ಸ್ಕೂಟರು. ವಾಹನ ಇದ್ದಲ್ಲಿ ದಂಡದ ಚೀಟಿಯೂ ಇದ್ದದ್ದೇ. ಹಿಂದೆ ಪೊಲೀಸರು ಗಾಡಿ ನಿಲ್ಲಿಸಿ ಚೀಟಿ ಹರಿದು ಕೈಗೆ ಕೊಡುತ್ತಿದ್ದರು. ಈಗ ಕ್ಯಾಮೆರಾ ಚಿತ್ರ ತೆಗೆಯುತ್ತದೆ, ಮೊಬೈಲಿಗೆ ಚಲನ್ ಬರುತ್ತದೆ. ಅದನ್ನು ಕಂಡ ಕೂಡಲೆ ಕೆಲವರು "ಕಟ್ಟಿಬಿಡು, ಪೀಡೆ ಹೋಗಲಿ" ಎನ್ನುತ್ತಾರೆ. ಕೆಲವರು "ವಕೀಲರಿಗೆ ಕೊಡು, ಅವರು ನೋಡಿಕೊಳ್ಳುತ್ತಾರೆ" ಎನ್ನುತ್ತಾರೆ. ಇನ್ನು ಕೆಲವರು ವರ್ಷಗಟ್ಟಲೆ ಅದರ ಗೊಡವೆಗೇ ಹೋಗುವುದಿಲ್ಲ. ಇವುಗಳಲ್ಲಿ ಯಾವುದು ಯಾವಾಗ ಸರಿ ಎಂಬುದನ್ನು ವಾಚಕ ಬಾಂಧವರ ಮುಂದಿಡಲು ಈ ಲೇಖನ ಬರೆಯುತ್ತಿದ್ದೇವೆ.

ನಮ್ಮ ಉಂಡವಳ್ಳಿ ಇರುವುದು ಹೈದರಾಬಾದಿನಿಂದ ಕರ್ನೂಲಿಗೆ ಹೋಗುವ ೪೪ನೇ ರಾಷ್ಟ್ರೀಯ ಹೆದ್ದಾರಿಯ ಮೇಲೆ. ದಕ್ಷಿಣಕ್ಕೆ ತುಂಗಭದ್ರೆ ದಾಟಿದರೆ ಆಂಧ್ರಪ್ರದೇಶ. ಪಶ್ಚಿಮಕ್ಕೆ ಗದ್ವಾಲದ ಕಡೆಯಿಂದ ಹೋದರೆ ಕರ್ನಾಟಕದ ರಾಯಚೂರು. ಬೆಳಿಗ್ಗೆ ಶೇಂಗಾ ಹೇರಿಕೊಂಡು ಹೊರಟ ಗಾಡಿ ಸಂಜೆಯೊಳಗೆ ಮೂರು ರಾಜ್ಯಗಳ ನೆಲ ತುಳಿದು ಬರಬಹುದು. ಕಾಯಿದೆ ಒಂದೇ, ೧೯೮೮ರ ಮೋಟಾರು ವಾಹನ ಕಾಯಿದೆ. ಆದರೆ ಅನೇಕ ಸಣ್ಣ ತಪ್ಪುಗಳಿಗೆ ಕೋರ್ಟಿಗೆ ಹೋಗದೆ ಕಟ್ಟಬಹುದಾದ ಮೊತ್ತವನ್ನು ಆಯಾ ರಾಜ್ಯ ಸರಕಾರಗಳೇ ಗೊತ್ತು ಮಾಡುತ್ತವೆ. ತೆಲಂಗಾಣ ಪೊಲೀಸರು ಚಲನ್‌ಗೆ ತಮ್ಮದೇ ಅಂತರ್ಜಾಲ ತಾಣ ಇಟ್ಟಿದ್ದಾರೆ. ಆದ್ದರಿಂದ ಒಂದು ಕಡೆ ನೋಡಿ "ಬಾಕಿ ಏನೂ ಇಲ್ಲ" ಎಂದು ಸಮಾಧಾನಪಡಬಾರದು. ತಿಂಗಳ ಲೆಕ್ಕ ಮುಗಿಸುವ ದಿನ ಪ್ರತಿಯೊಂದು ಗಾಡಿಯ ನಂಬರು ಹಾಕಿ, ಅದು ಓಡಾಡಿದ ರಾಜ್ಯಗಳ ತಾಣಗಳನ್ನೆಲ್ಲ ನೋಡುವುದು ಒಳ್ಳೆಯ ರೂಢಿ. ಸಂದೇಶದಲ್ಲಿ ಬಂದ ಕೊಂಡಿಯನ್ನು ಮಾತ್ರ ಒತ್ತಬಾರದು. ಚಲನ್ ಹೆಸರಿನಲ್ಲಿ ಕಳ್ಳ ಸಂದೇಶ ಕಳಿಸಿ ಬ್ಯಾಂಕಿನ ಹಣ ಎತ್ತುವವರು ಹೆಚ್ಚಾಗಿದ್ದಾರೆ.

ಕಟ್ಟಿಬಿಡುವುದು ಯಾವಾಗ?

ತಪ್ಪು ನಮ್ಮದೇ ಆಗಿದ್ದು, ಅದು ಹೆಲ್ಮೆಟ್ ಅಥವಾ ಸೀಟ್ ಬೆಲ್ಟ್‌ನಂತಹ ವಿಷಯವಾಗಿದ್ದರೆ ವಕೀಲರ ಬಳಿ ಹೋಗುವುದು ದುಡ್ಡಿಗೂ ದಂಡ, ಸಮಯಕ್ಕೂ ದಂಡ. ಕೂಡಲೆ ಕಟ್ಟಿ ರಸೀದಿ ಇಟ್ಟುಕೊಳ್ಳಬೇಕು. ತೆಲಂಗಾಣದಲ್ಲಿ ೨೦೨೨ರ ಮಾರ್ಚ್‌ನಲ್ಲಿ ಬಾಕಿ ಚಲನ್‌ಗಳಿಗೆ ರಿಯಾಯಿತಿ ಕೊಟ್ಟರು. ಬೈಕಿನವರು ನಾಲ್ಕರಲ್ಲಿ ಒಂದು ಪಾಲು ಕಟ್ಟಿದರೆ ಸಾಕಾಯಿತು. ೨೦೨೩ರ ಡಿಸೆಂಬರ್ ಕೊನೆಯಲ್ಲಿ ಮತ್ತೊಮ್ಮೆ ಕೊಟ್ಟರು. ಕರ್ನಾಟಕದಲ್ಲಿಯೂ ೨೦೨೩ರ ಫೆಬ್ರವರಿಯಲ್ಲಿ ಅರ್ಧ ಮಾಫಿ ಆಯಿತು. ಇದರಿಂದ "ತಡೆದರೆ ಲಾಭ" ಎಂಬ ಭಾವನೆ ನಮ್ಮಲ್ಲಿ ಬೆಳೆದಿದೆ. ಆದರೆ ರಿಯಾಯಿತಿ ದಂಡದ ಹಣಕ್ಕೇ ಹೊರತು ತಪ್ಪಿಗಲ್ಲ. ಒಂದೇ ಗಾಡಿಯ ಮೇಲೆ ಇಪ್ಪತ್ತು ಚಲನ್ ಕೂಡಿದ್ದರೆ, ನಾಳೆ ಏನಾದರೂ ಹೆಚ್ಚುಕಡಿಮೆಯಾದಾಗ ನಮ್ಮ ಪರವಾಗಿ ಮಾತಾಡುವುದು ವಕೀಲರಿಗೂ ಕಷ್ಟ.

ತಪ್ಪು ನಮ್ಮದಲ್ಲದಿದ್ದರೂ ಮೊದಲೇ ವಕೀಲರು ಬೇಕಾಗುವುದಿಲ್ಲ. ನಮ್ಮ ಸಣ್ಣ ಗೂಡ್ಸ್ ಗಾಡಿಗೆ ಒಮ್ಮೆ ಅದು ಹೋಗದ ಊರಿನಿಂದ ಚಲನ್ ಬಂದಿತ್ತು. ಚಿತ್ರ ತೆರೆದು ನೋಡಿದರೆ ಬೇರೆಯವರ ಗಾಡಿ, ನಂಬರಿನಲ್ಲಿ ಒಂದು ಅಂಕಿ ವ್ಯತ್ಯಾಸ. ಪರಿಚಯದ ವಕೀಲರೇ, "ಸಾವಕಾರರೇ, ಇದಕ್ಕೆ ನನ್ನ ಫೀಜು ಯಾಕೆ? ಆರ್‌ಸಿ ಪ್ರತಿ, ಗಾಡಿಯ ಫೋಟೋ ಇಟ್ಟು ಒಂದು ಅರ್ಜಿ ಕೊಡಿ" ಎಂದರು. ಹಾಗೆಯೇ ಮಾಡಿದೆವು, ಚಲನ್ ರದ್ದಾಯಿತು. ಆ ದಿನ ಗಾಡಿ ಎಲ್ಲಿತ್ತು ಎಂಬುದಕ್ಕೆ ನಮ್ಮ ಮಾಲಿನ ಬಿಲ್ಲೇ ಸಾಕ್ಷಿಯಾಯಿತು. ವ್ಯಾಪಾರಿಗೆ ಕಾಗದಪತ್ರವೇ ಮೊದಲ ವಕೀಲ.

ವಕೀಲರನ್ನು ಹಿಡಿಯುವುದು ಯಾವಾಗ?

ದಂಡ ಮುಗಿದು ಲೈಸೆನ್ಸಿನ ಮಾತು ಬಂದಾಗ ವಕೀಲರು ಬೇಕು. ತೆಲಂಗಾಣ ಸರಕಾರ ೨೦೧೭ರ ಆಗಸ್ಟ್ ೧ರಿಂದ ತಪ್ಪಿಗೆ ಇಷ್ಟು ಅಂಕ ಎಂಬ ಪದ್ಧತಿ ತಂದಿತ್ತು. ೨೪ ತಿಂಗಳಲ್ಲಿ ೧೨ ಅಂಕ ಕೂಡಿದರೆ ಒಂದು ವರ್ಷ ಲೈಸೆನ್ಸ್ ಅಮಾನತು ಎಂಬುದು ಅದರ ನಿಯಮ. ಖಾತೆಪುಸ್ತಕದಲ್ಲಿ ನಾವೆಯ ಬದಿಗೆ ಬಾಕಿ ಏರಿದ ಹಾಗೆಯೇ ಇದು. ಅಂಕಗಳ ಮಾತು ಬಿಟ್ಟರೂ, ಕಾಯಿದೆಯ ೧೯ನೇ ಕಲಮಿನಂತೆ ಸಾರಿಗೆ ಅಧಿಕಾರಿಗಳು ಲೈಸೆನ್ಸ್ ತಡೆಹಿಡಿಯಬಹುದು. ಅತಿವೇಗ, ಕೆಂಪು ದೀಪ ದಾಟುವುದು, ಕುಡಿದು ಓಡಿಸುವುದು, ಹೆಚ್ಚು ಭಾರ ಹೇರುವುದು, ಓಡಿಸುತ್ತ ಮೊಬೈಲಿನಲ್ಲಿ ಮಾತಾಡುವುದು, ಇಂತಹವುಗಳಿಗೆ ಕನಿಷ್ಠ ಮೂರು ತಿಂಗಳು ಲೈಸೆನ್ಸ್ ಅಮಾನತು ಮಾಡಬೇಕೆಂದು ಸುಪ್ರೀಂ ಕೋರ್ಟಿನ ರಸ್ತೆ ಸುರಕ್ಷತಾ ಸಮಿತಿ ೨೦೧೫ರಲ್ಲಿಯೇ ರಾಜ್ಯಗಳಿಗೆ ಹೇಳಿತ್ತು.

ಆದರೆ ೧೯ನೇ ಕಲಮು ಒಂದು ರಕ್ಷಣೆಯನ್ನೂ ಕೊಟ್ಟಿದೆ. ಲೈಸೆನ್ಸ್ ಉಳ್ಳವನ ಮಾತು ಕೇಳದೆ ಆದೇಶ ಮಾಡುವಂತಿಲ್ಲ. ಆದೇಶಕ್ಕೆ ಕಾರಣ ಬರೆಯಬೇಕು. ಅದು ಕೈಸೇರಿದ ೩೦ ದಿನಗಳೊಳಗೆ ಅಪೀಲು ಮಾಡಬಹುದು. ಈ ನೋಟೀಸು ಬಂದಾಗ ಸುಮ್ಮನೆ ಕೂಡದೆ, ಆ ಕೆಲಸದಲ್ಲಿ ಪಳಗಿದ ವಕೀಲರಿಂದ ಉತ್ತರ ಬರೆಸಬೇಕು. ಪೊಲೀಸರು ಲೈಸೆನ್ಸ್ ತೆಗೆದುಕೊಂಡರೆ ತಾತ್ಕಾಲಿಕ ರಸೀದಿ ಕೇಳಿ ಪಡೆಯಬೇಕು. ಕುಡಿದು ಓಡಿಸಿದ ಕೇಸು, ಅಪಘಾತದ ಕೇಸು, ಕೋರ್ಟಿನ ಸಮನ್ಸ್, ಇವುಗಳಿಗೂ ವಕೀಲರು ಬೇಕು. ಸಣ್ಣ ಕೇಸುಗಳಲ್ಲಿ ಖುದ್ದು ಹೋಗುವ ಬದಲು ವಕೀಲರ ಮೂಲಕ ಹಾಜರಾಗಲು ಕೋರ್ಟು ಸಮನ್ಸಿನಲ್ಲಿಯೇ ಅವಕಾಶ ಕೊಡಬಹುದು. ಕಾಯಿದೆಯ ೨೦೮ನೇ ಕಲಮಿನಲ್ಲಿ ಅದಕ್ಕೆ ದಾರಿಯಿದೆ. ಫೀಜು ಎಷ್ಟು, ಎಷ್ಟು ತಾರೀಖು ಆಗಬಹುದು ಎಂಬುದನ್ನು ಮೊದಲೇ ಕೇಳಿಕೊಂಡು ವಕಾಲತ್ತಿಗೆ ಸಹಿ ಹಾಕಬೇಕು. "ನೂರಕ್ಕೆ ನೂರು ಬಿಡಿಸುತ್ತೇನೆ" ಎನ್ನುವವರಿಗಿಂತ ಕಾಗದ ಓದಿ "ಇದನ್ನು ಕಟ್ಟಿಬಿಡಿ" ಎನ್ನುವವರೇ ನಂಬಿಕೆಗೆ ಯೋಗ್ಯರು. ರಾಜಿಗೆ ಬರುವ ಕೇಸುಗಳನ್ನು ಲೋಕ ಅದಾಲತಿನಲ್ಲಿ ಫೀಜಿಲ್ಲದೆ ಮುಗಿಸಿಕೊಳ್ಳಬಹುದು.

ಯಾರ ಲೈಸೆನ್ಸ್, ಯಾರ ತಪ್ಪು?

ಈಗ ಹೇಳಬೇಕಾದ ಮುಖ್ಯ ಮಾತಿಗೆ ಬರುತ್ತೇವೆ. ನಮ್ಮ ಕೆಲವು ಮನೆಗಳಲ್ಲಿ ಗಾಡಿ ಓಡಿಸಿದವನು ಮಗ, ಕಾಗದದ ಮೇಲೆ ಬರುವ ಹೆಸರು ಡ್ರೈವರನದು. "ನಿನ್ನ ಹೆಸರು ಹೇಳಪ್ಪ, ದಂಡ ನಾವೇ ಕಟ್ಟುತ್ತೇವೆ" ಎಂದರೆ ನಮ್ಮ ಉಪ್ಪು ತಿಂದ ಆ ಬಡವ ಇಲ್ಲವೆನ್ನಲಾರ. ದಂಡ ನಾವು ಕಟ್ಟುತ್ತೇವೆ, ನಿಜ. ಆದರೆ ಲೈಸೆನ್ಸ್ ಅಮಾನತಾದರೆ ಮೂರು ತಿಂಗಳು ಅವನ ಮನೆಯ ಒಲೆ ಹೇಗೆ ಉರಿಯಬೇಕು? ನಮ್ಮ ಮಗನಿಗೆ ಲೈಸೆನ್ಸ್ ಒಂದು ಅನುಕೂಲ. ಡ್ರೈವರನಿಗೆ ಅದೇ ಅನ್ನ. ಅಣುವ್ರತಗಳನ್ನು ಬಾಯಿಪಾಠ ಮಾಡಿರುವ ನಾವು ಯೋಚಿಸಬೇಕು. ಇದರಲ್ಲಿ ಅಸತ್ಯವೂ ಇದೆ, ಪರರ ಸೊತ್ತನ್ನು ತೆಗೆದುಕೊಂಡ ದೋಷವೂ ಇದೆ.

ಕಾಯಿದೆಯೂ ಇದನ್ನು ಒಪ್ಪುವುದಿಲ್ಲ. ಓಡಿಸಿದವರು ಯಾರೆಂದು ಪೊಲೀಸರು ಕೇಳಿದಾಗ ಮಾಲೀಕ ಮಾಹಿತಿ ಕೊಡಲೇಬೇಕೆಂದು ೧೩೩ನೇ ಕಲಮು ಹೇಳುತ್ತದೆ. ಬೇಕೆಂದೇ ಸುಳ್ಳು ಮಾಹಿತಿ ಕೊಡುವುದು ಅಪರಾಧ. ಇಂಗ್ಲೆಂಡಿನಲ್ಲಿ ಕ್ರಿಸ್ ಹ್ಯೂನ್ ಎಂಬ ಮಂತ್ರಿಗಳಿದ್ದರು. ೨೦೦೩ರಲ್ಲಿ ಅವರ ಕಾರು ಅತಿವೇಗದಲ್ಲಿ ಸಿಕ್ಕಿಬಿದ್ದಾಗ ಲೈಸೆನ್ಸಿನ ಅಂಕಗಳನ್ನು ಪತ್ನಿ ತಮ್ಮ ಮೇಲೆ ಹಾಕಿಕೊಂಡರು. ಹತ್ತು ವರ್ಷಗಳ ನಂತರ, ೨೦೧೩ರ ಮಾರ್ಚ್‌ನಲ್ಲಿ, ಇಬ್ಬರಿಗೂ ಎಂಟೆಂಟು ತಿಂಗಳ ಜೈಲು ಶಿಕ್ಷೆಯಾಯಿತು. ಅತಿವೇಗದ ತಪ್ಪು ಚಿಕ್ಕದಿತ್ತು, ಅದನ್ನು ಮುಚ್ಚಿದ ಸುಳ್ಳು ದೊಡ್ಡದಾಯಿತು. ಹೊರದೇಶದಲ್ಲಿರುವ ನಮ್ಮ ಮಕ್ಕಳಿಗೂ ಇದನ್ನು ತಿಳಿಸಬೇಕು.

ಡ್ರೈವರನೇ ಓಡಿಸಿದ್ದರೂ ಎಲ್ಲ ತಪ್ಪು ಅವನದಲ್ಲ. "ಮಾರ್ಕೆಟ್ ಯಾರ್ಡಿನ ಸವಾಲು ಶುರುವಾಗುವುದರೊಳಗೆ ಮುಟ್ಟಬೇಕು" ಎಂದು ಫೋನಿನ ಮೇಲೆ ಫೋನು ಮಾಡುವವರು ನಾವು. ಇನ್ನೆರಡು ಟನ್ ಹೇರಿಸುವವರೂ ನಾವು. ಕಾಯಿದೆಯಲ್ಲಿ ಅತಿಭಾರಕ್ಕೆ ೨೦,೦೦೦ ರೂಪಾಯಿ, ಹೆಚ್ಚಾದ ಪ್ರತಿ ಟನ್ನಿಗೆ ಮತ್ತೆ ೨,೦೦೦ ರೂಪಾಯಿ ಇದೆ. ಹಾಗೆ ಓಡಿಸಲು ಬಿಟ್ಟವನೂ ಅದಕ್ಕೆ ಹೊಣೆ. ನಮ್ಮ ಅವಸರದಿಂದ ಕೇಸು ಬಿದ್ದರೆ ಡ್ರೈವರನಿಗೆ ವಕೀಲರನ್ನು ಇಟ್ಟುಕೊಡುವುದು ಉಪಕಾರವಲ್ಲ, ನಮ್ಮ ಕರ್ತವ್ಯ.

ಹದಿನೆಂಟು ತುಂಬದ ಮಕ್ಕಳ ವಿಷಯ ಇನ್ನೂ ಕಠಿಣ. ೨೦೧೯ರ ತಿದ್ದುಪಡಿಯಂತೆ ಅಂತಹ ಮಕ್ಕಳು ಓಡಿಸಿ ತಪ್ಪು ನಡೆದರೆ ಪಾಲಕರು ಅಥವಾ ವಾಹನದ ಮಾಲೀಕರೇ ತಪ್ಪಿತಸ್ಥರು: ಮೂರು ವರ್ಷದವರೆಗೆ ಸಜೆ, ೨೫,೦೦೦ ರೂಪಾಯಿ ದಂಡ, ಒಂದು ವರ್ಷ ವಾಹನದ ನೋಂದಣಿ ರದ್ದು. ಮಗುವಿಗೆ ೨೫ ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ. ಟ್ಯೂಷನ್‌ಗೆ ಹೋಗಲು ಸ್ಕೂಟರಿನ ಕೀಲಿ ಕೊಡುವ ತಾಯಂದಿರು ಇದನ್ನು ನೆನಪಿಡಬೇಕು.

ನಮ್ಮ ತ್ಯಾಗಿಗಳೂ ಸಾಧ್ವಿಗಳೂ ವಿಹಾರದಲ್ಲಿ ಇದೇ ಹೆದ್ದಾರಿಗಳ ಅಂಚಿನಲ್ಲಿ ನಡೆದು ಬರುತ್ತಾರೆ. ನಸುಕಿನಲ್ಲಿ ವಾಹನ ಬಡಿದು ಅಸುನೀಗಿದವರ ಸುದ್ದಿ ಓದಿ ನಾವು ಕಣ್ಣೀರು ಹಾಕಿದ್ದೇವೆ. ಆ ವಾಹನಗಳೂ ಯಾರೋ ವ್ಯಾಪಾರಿಯ ಮಾಲನ್ನು ಹೊತ್ತು ಅವಸರದಲ್ಲಿ ಓಡುತ್ತಿದ್ದಿರಬಹುದು. ಎಷ್ಟೇ ದೊಡ್ಡ ವಕೀಲರಾದರೂ ಹೋದ ಜೀವವನ್ನು ಬಿಡಿಸಿ ತರಲಾರರು. ಆದ್ದರಿಂದ ತಪ್ಪಿದ್ದರೆ ಕಟ್ಟೋಣ, ತಪ್ಪಿಲ್ಲದಿದ್ದರೆ ಕಾಗದ ಹಿಡಿದು ಧೈರ್ಯವಾಗಿ ವಾದಿಸೋಣ, ಲೈಸೆನ್ಸಿನ ಮಾತು ಬಂದಾಗ ಒಳ್ಳೆಯ ವಕೀಲರನ್ನು ಇಡೋಣ. ಒಬ್ಬರ ತಪ್ಪನ್ನು ಇನ್ನೊಬ್ಬರ ಖಾತೆಗೆ ಬರೆಯುವ ಕೆಲಸ ಮಾತ್ರ ನಮ್ಮ ಮನೆಗಳಲ್ಲಿ ಬೇಡ.