ಮಕ್ಕಳಲ್ಲಿ ಟಿಕ್ ತೊಂದರೆ: ಪೋಷಕರಿಗೆ ಮಾಹಿತಿ

(ಇಂಡಿ, ಸಿಂದಗಿ, ಮುದ್ದೇಬಿಹಾಳ ಹಾಗೂ ಬಸವನ ಬಾಗೇವಾಡಿ ತಾಲ್ಲೂಕುಗಳ ಸಾರ್ವಜನಿಕರಿಗಾಗಿ)

ಮಗುವು ಪದೇ ಪದೇ ಕಣ್ಣು ಮಿಟುಕಿಸುವುದು, ಭುಜ ಕುಣಿಸುವುದು, ನೆಗಡಿಯಿಲ್ಲದೆ ಮೂಗೆಳೆಯುವುದು ಅಥವಾ ಕೆಮ್ಮಿನಂತೆ ಗಂಟಲು ಸರಿಪಡಿಸಿಕೊಳ್ಳುವುದು ಟಿಕ್ ಎಂಬ ನರಸಂಬಂಧಿ ತೊಂದರೆಯ ಲಕ್ಷಣವಾಗಿರಬಹುದು. ಇದು ಸಾಮಾನ್ಯವಾಗಿ 4 ರಿಂದ 6 ವರ್ಷ ವಯಸ್ಸಿನಲ್ಲಿ ಆರಂಭವಾಗಿ, 10 ರಿಂದ 12ರ ಸುಮಾರಿಗೆ ತೀವ್ರಗೊಂಡು, ತದನಂತರ ಬಹುಪಾಲು ಮಕ್ಕಳಲ್ಲಿ ಇಳಿಮುಖವಾಗುತ್ತದೆ. ಬಾಲಕರಲ್ಲಿ ಹೆಚ್ಚು.

ಸೀನು ಬರುವ ಮುನ್ನ ಮೂಗಿನಲ್ಲಿ ಉಂಟಾಗುವ ಒತ್ತಡದಂತಹ ಅನುಭವ ಅನೇಕ ಮಕ್ಕಳಿಗೆ ಮೊದಲು ಆಗುತ್ತದೆ. ಸ್ವಲ್ಪ ಹೊತ್ತು ತಡೆಹಿಡಿಯಬಹುದೇ ಹೊರತು ನಿಲ್ಲಿಸಲಾಗದು. ತರಗತಿಯಲ್ಲಿ ತಡೆದುಕೊಂಡ ಮಗು ಮನೆಗೆ ಬಂದೊಡನೆ ಹೆಚ್ಚಾಗಿ ಮಾಡುವುದರಿಂದ, ಬೇಕೆಂದೇ ಮಾಡುತ್ತದೆ ಎಂಬ ತಪ್ಪು ತಿಳಿವಳಿಕೆ ಹುಟ್ಟುತ್ತದೆ. ಗದರಿದಷ್ಟೂ, ಎಲ್ಲರೆದುರು ಎತ್ತಿ ತೋರಿಸಿದಷ್ಟೂ ಇದು ಹೆಚ್ಚುತ್ತದೆ. ಶಿಕ್ಷಣ ಹಕ್ಕು ಕಾಯ್ದೆ, 2009ರ 17ನೇ ಪ್ರಕರಣದನ್ವಯ ಶಾಲೆಯಲ್ಲಿ ದೈಹಿಕ ಶಿಕ್ಷೆ ಹಾಗೂ ಮಾನಸಿಕ ಕಿರುಕುಳ ನಿಷಿದ್ಧ. ಆದುದರಿಂದ ಪೋಷಕರು ಮುಖ್ಯೋಪಾಧ್ಯಾಯರಿಗೆ ಮೊದಲೇ ತಿಳಿಸುವುದು ಸೂಕ್ತ. ದೃಷ್ಟಿ ತೆಗೆಸುವುದರಲ್ಲಿ, ತಾಯತ ಕಟ್ಟಿಸುವುದರಲ್ಲಿ ತಿಂಗಳುಗಳು ಕಳೆಯದಿರಲಿ.

ಪ್ರಜ್ಞೆ ತಪ್ಪಿದರೆ ಅದು ಟಿಕ್ ಅಲ್ಲ. ಮೂರ್ಛೆರೋಗದ ತಪಾಸಣೆ ಅಗತ್ಯ. ಜ್ವರ ಅಥವಾ ಕೀಲುನೋವಿನ ನಂತರ ಕೈಕಾಲು ತಡೆಯಿಲ್ಲದೆ ಅಲುಗಾಡತೊಡಗಿದಲ್ಲಿ ಸಂಧಿವಾತ ಜ್ವರದ ಶಂಕೆಯಿರುವುದರಿಂದ ವಿಳಂಬ ಮಾಡತಕ್ಕದ್ದಲ್ಲ.

ಸೌಮ್ಯ ಟಿಕ್‌ಗೆ ಔಷಧಿ ಬೇಕಿಲ್ಲ. ಸಾಕಷ್ಟು ನಿದ್ರೆ ಮತ್ತು ಮನೆಯವರ ತಾಳ್ಮೆ ಸಾಕು. ಅಂಗಾಂಗಗಳ ಹಲವು ಟಿಕ್‌ಗಳೊಂದಿಗೆ ಧ್ವನಿಯ ಟಿಕ್ ಸಹ ಇದ್ದು, ಒಂದು ವರ್ಷ ಮೀರಿದಲ್ಲಿ ಅದನ್ನು ಟುರೆಟ್ ಎನ್ನುತ್ತಾರೆ. ಕಲಿಕೆಗೆ ಅಡ್ಡಿಯಾದಲ್ಲಿ ಅಥವಾ ನೋವುಂಟಾದಲ್ಲಿ ವರ್ತನಾ ಚಿಕಿತ್ಸೆ, ಆನಂತರ ಔಷಧಿ ನೀಡಲಾಗುತ್ತದೆ. ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಅಥವಾ ದುಡಿಮೆಗೆ ಗೋವಾಕ್ಕೆ ಗುಳೆ ಹೋಗುವ ಕುಟುಂಬಗಳು ಅಲ್ಲಿರುವಷ್ಟು ದಿನಕ್ಕೆ ಸಾಲುವ ಔಷಧಿಯನ್ನು ವೈದ್ಯರಿಂದ ಮೊದಲೇ ಕೇಳಿ ಪಡೆಯತಕ್ಕದ್ದು. ಕ್ಲೋನಿಡೀನ್ ಮಾತ್ರೆಯನ್ನು ಥಟ್ಟನೆ ನಿಲ್ಲಿಸಿದರೆ ರಕ್ತದೊತ್ತಡ ಏರುವ ಅಪಾಯವಿದೆ.

ಎಲ್ಲಿ ತೋರಿಸಬೇಕು?

ಮೊದಲು ಆಯಾ ತಾಲ್ಲೂಕು ಆಸ್ಪತ್ರೆಯ ಮಕ್ಕಳ ವೈದ್ಯರಲ್ಲಿ ತೋರಿಸುವುದು. ಮನೋಚೈತನ್ಯ ಕಾರ್ಯಕ್ರಮದಡಿ ಮನೋವೈದ್ಯರು ಬರುವ ಮಂಗಳವಾರವನ್ನು ಅಲ್ಲಿಯೇ ವಿಚಾರಿಸಬಹುದು. ಅಗತ್ಯವಿದ್ದಲ್ಲಿ ವಿಜಯಪುರ ಜಿಲ್ಲಾ ಆಸ್ಪತ್ರೆಗೆ ಕಳುಹಿಸಲಾಗುತ್ತದೆ. ವೈದ್ಯರೆದುರು ಮಗು ಟಿಕ್ ತಡೆಹಿಡಿಯುವುದುಂಟು. ಮನೆಯಲ್ಲಿ ಮೊಬೈಲಿನಲ್ಲಿ ತೆಗೆದ ಕಿರು ವಿಡಿಯೋ ತಂದರೆ ಅನುಕೂಲ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳು ಉಚಿತವಾಗಿ ಕರೆ ಮಾಡಬಹುದು. ಚಿಕಿತ್ಸೆ ಪಡೆಯಲು ಅಂಗವಿಕಲತೆಯ ಪ್ರಮಾಣಪತ್ರದ ಅಗತ್ಯವಿರುವುದಿಲ್ಲ.