ಎರವಲು ಹಣದ ಮರೆಯಲ್ಲಿ

ಒಂದು ಸಂತೆಯಲ್ಲಿ ಅಗ್ಗಕ್ಕೆ ಸಿಗುವ ಸರಕನ್ನು ಕೊಂಡು, ಅದೇ ಹೊತ್ತಿಗೆ ಇನ್ನೊಂದು ಸಂತೆಯಲ್ಲಿ ಹೆಚ್ಚಿನ ಬೆಲೆಗೆ ಮಾರಿ, ನಡುವಿನ ಅಂತರವನ್ನು ಲಾಭವಾಗಿ ಪಡೆಯುವುದಕ್ಕೆ ಹಣಕಾಸಿನ ಪರಿಭಾಷೆಯಲ್ಲಿ ‘ಆರ್ಬಿಟ್ರೇಜ್’ ಎನ್ನುತ್ತಾರೆ. ಅದೇನೂ ಅಪರಾಧವಲ್ಲ. ಆದರೆ ನಿಕೊಲಸ್ ಜರೆಕಿ 2012ರಲ್ಲಿ ಇದೇ ಹೆಸರಿನಲ್ಲಿ ತೆರೆಗೆ ತಂದ ಚಿತ್ರದ ನಾಯಕ, ನ್ಯೂಯಾರ್ಕಿನ ಹಣವಂತ ರಾಬರ್ಟ್ ಮಿಲ್ಲರ್ (ರಿಚರ್ಡ್ ಗೇರ್), ಮಾಡುವುದು ಬೇರೆಯೇ ವ್ಯಾಪಾರ.

ರಷ್ಯಾದ ತಾಮ್ರದ ಗಣಿಯಲ್ಲಿ ಅವನ ಹಣ ಸಿಕ್ಕಿಬಿದ್ದಿದೆ. ಸಂಸ್ಥೆಯನ್ನು ಮಾರಬೇಕು, ಅದಕ್ಕೆ ಮುನ್ನ ಲೆಕ್ಕಪರಿಶೋಧನೆ ಮುಗಿಯಬೇಕು. ಪರಿಚಿತನೊಬ್ಬನಿಂದ 41 ಕೋಟಿ 20 ಲಕ್ಷ ಡಾಲರ್ ಗುಟ್ಟಾಗಿ ಸಾಲ ತಂದು ಖಾತೆಯಲ್ಲಿಡುತ್ತಾನೆ. ಹೆಣ್ಣು ನೋಡಲು ಬರುವವರಿದ್ದಾರೆಂದು ಪಕ್ಕದ ಮನೆಯ ಬೆಳ್ಳಿ ತಟ್ಟೆ ತಂದಿಟ್ಟ ಹಾಗೆ! ಖಾತೆಯಲ್ಲಿ ಹಣವಿರುವುದು ಕಾಣುತ್ತದೆ, ಅದರ ಬೆನ್ನಿಗಿರುವ ಸಾಲ ಕಾಣುವುದಿಲ್ಲ. ಬರ್ನಾರ್ಡ್ ಮೇಡಾಫ್ 2008ರಲ್ಲಿ ಬಂಧನಕ್ಕೊಳಗಾದುದನ್ನು ಕಂಡಿದ್ದ ಪ್ರೇಕ್ಷಕರಿಗೆ ಇದನ್ನು ಬಿಡಿಸಿ ಹೇಳಬೇಕಿರಲಿಲ್ಲ.

ಈ ನಡುವೆ ಒಂದು ರಾತ್ರಿ ಅವನು ಓಡಿಸುತ್ತಿದ್ದ ಕಾರು ಉರುಳಿ, ಜೊತೆಗಿದ್ದ ಪ್ರೇಯಸಿ ಸಾಯುತ್ತಾಳೆ. ಪೊಲೀಸರಿಗೆ ತಿಳಿಸಿದರೆ ಸಂಸ್ಥೆಯ ಮಾರಾಟ ನಿಲ್ಲುತ್ತದೆ. ಅವನು ಫೋನ್ ಮಾಡುವುದು ತನ್ನ ಹಳೆಯ ಚಾಲಕನ ಮಗ, ಹಾರ್ಲೆಮಿನ ಕಪ್ಪು ಯುವಕ ಜಿಮ್ಮಿಗೆ. ಚಿತ್ರದ ನಿಜವಾದ ಬಿಗುವು ಇಲ್ಲಿದೆ. ಲೆಕ್ಕದ ಗುಂಡಿ ಮುಚ್ಚಲು ಪರರ ಹಣ, ಸಾವನ್ನು ಮುಚ್ಚಲು ಪರರ ಮಗ. ಬಾಯಿಬಿಡದ ಜಿಮ್ಮಿ ಜೈಲಿನ ಬಾಗಿಲಿಗೆ ಬಂದು ನಿಲ್ಲುತ್ತಾನೆ. ಅವನ ಮೂಲಕ ಮಿಲ್ಲರ್‌ನನ್ನು ಹಿಡಿಯಲು ಹೊರಟ ಪತ್ತೇದಾರ (ಟಿಮ್ ರಾತ್) ಸುಂಕದ ಕಟ್ಟೆಯ ಫೋಟೋವನ್ನೇ ತಿದ್ದಿಬಿಡುತ್ತಾನೆ. ಆ ಮೋಸ ಬಯಲಾಗಿ ಮೊಕದ್ದಮೆ ಬೀಳುತ್ತದೆ.

ಕೊನೆಗೆ ಸನ್ಮಾನ ಸಮಾರಂಭ. ಲೆಕ್ಕದ ಮೋಸವನ್ನು ತಾನೇ ಪತ್ತೆಹಚ್ಚಿದ ಮಗಳು ವೇದಿಕೆಯಲ್ಲಿ ತಂದೆಯನ್ನು ಹೊಗಳುತ್ತಾಳೆ. ಸಭೆ ಚಪ್ಪಾಳೆ ತಟ್ಟುತ್ತದೆ.